ಸೀಮೆಎಣ್ಣೆಯಿಂದ ತಿರುಗಿದ ಪಂಖ: ಬಿಸಿಗಾಳಿ ಯಂತ್ರಗಳೂ ಅವುಗಳ ಸಂರಕ್ಷಣೆಯೂ

ಚಾವಣಿಗೆ ತೂಗುಬಿಟ್ಟ ಬಟ್ಟೆಯ ಪಂಖವನ್ನು ಆಳುಗಳು ಹಗ್ಗದಿಂದ ಎಳೆಯುತ್ತಿದ್ದ ಕಾಲಕ್ಕೂ ವಿದ್ಯುತ್ ಪಂಖ ಊರೂರಿಗೆ ಬಂದ ಕಾಲಕ್ಕೂ ನಡುವೆ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಸೀಮೆಎಣ್ಣೆ ದೀಪದ ಶಾಖವೊಂದರಿಂದಲೇ ತಿರುಗುವ ಪಂಖಗಳು ಭಾರತದ ಬಂಗಲೆಗಳಲ್ಲಿಯೂ ಅನುಕೂಲಸ್ಥರ ಮನೆಗಳಲ್ಲಿಯೂ ಬಳಕೆಗೆ ಬಂದವು. ಕೃಷ್ಣಾ–ಭೀಮಾ ಸಂಗಮಕ್ಕೆ ದೂರವಲ್ಲದ ಮಕ್ತಲ್, ಉಟ್ಕೂರ್, ನಾರಾಯಣಪೇಟೆಗಳಂಥ, ಕೃಷ್ಣೆ–ತುಂಗಭದ್ರೆಯರ ನಡುವಿನ ಗದ್ವಾಲದಂಥ, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಸೀಮೆಗಳಿಗೆ ಹೇಳಿಮಾಡಿಸಿದಂತಿದ್ದ ಯಂತ್ರವಿದು. ಮುಂಬಯಿಯ ಜೋಸ್ಟ್ ಕಂಪನಿಯ ಪಂಖಗಳು, ಕೈಕೋ ಹೆಸರಿನವು ಹಾಗೂ ಅಮೆರಿಕದ ಲೇಕ್ ಬ್ರೀಜ್ ಪಂಖಗಳು ಇಂದು ಹಳೆಯ ಯಂತ್ರಗಳ ಸಂಗ್ರಾಹಕರು ಅರಸುವ ವಸ್ತುಗಳಾಗಿವೆ.

ಇದರ ಒಡಲಲ್ಲಿರುವುದು ಬಿಸಿಗಾಳಿ ಯಂತ್ರ. ಮುಚ್ಚಿದ ಸಿಲಿಂಡರಿನೊಳಗಿನ ಗಾಳಿ ಕಾದಾಗ ಹಿಗ್ಗಿ, ತಣಿದಾಗ ಕುಗ್ಗುತ್ತದೆ. ಆ ಗಾಳಿಯನ್ನು ದೀಪ ಉರಿಯುವ ತುದಿಯಿಂದ ತಣ್ಣನೆಯ ತುದಿಗೂ ಅಲ್ಲಿಂದ ಮರಳಿ ಬಿಸಿಯ ಕಡೆಗೂ ಸರಿಸಲು, ಗೋಡೆಗೆ ತಾಗದಂತೆ ಸಡಿಲವಾಗಿ ಓಡಾಡುವ ಟೊಳ್ಳು ಪಿಸ್ಟನ್ನೊಂದು ಇರುತ್ತದೆ. ಹಿಗ್ಗುವಿಕೆಯ ಬಲವನ್ನು ಚಲನೆಯಾಗಿ ಮಾರ್ಪಡಿಸುವ ಕೆಲಸ ಬಿಗಿಯಾಗಿ ಕೂಡುವ ಇನ್ನೊಂದು ಪಿಸ್ಟನ್ನಿನದು. ಎರಡರ ಚಲನೆಗಳ ನಡುವೆ ಸುಮಾರು ಕಾಲು ಸುತ್ತಿನ ಅಂತರವಿರುವಂತೆ ಅವನ್ನು ಒಂದೇ ಅಚ್ಚಿಗೆ ಜೋಡಿಸಲಾಗುತ್ತದೆ. ದೀಪ ಹಚ್ಚಿದ ಮಾತ್ರಕ್ಕೆ ಇದು ತಾನಾಗಿ ತಿರುಗದು; ಸಿಲಿಂಡರು ಸಾಕಷ್ಟು ಕಾದ ಮೇಲೆ ರೆಕ್ಕೆಯನ್ನು ಕೈಯಿಂದ ಒಮ್ಮೆ ತಳ್ಳಬೇಕು. ಒಳಗೆ ಸ್ಫೋಟವಿಲ್ಲದ, ಉಗಿ ಹೊರಬಿಡುವ ಪ್ರಮೇಯವೇ ಇಲ್ಲದ ಯಂತ್ರವಾದ್ದರಿಂದ ಅದರ ಸದ್ದು ಬಹಳ ಕಡಿಮೆ.

ಈ ತತ್ತ್ವಕ್ಕೆ 1816ರಲ್ಲಿ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್. ಬಿಸಿಗಾಳಿ ತಣ್ಣನೆಯ ಕಡೆಗೆ ಹೋಗುವಾಗ ಬಿಟ್ಟುಕೊಡುವ ಶಾಖವನ್ನು ಹಿಡಿದಿಟ್ಟು, ಮರಳುವಾಗ ಅದಕ್ಕೇ ಹಿಂತಿರುಗಿಸುವ ‘ಮಿತವ್ಯಯಕ’ ಎಂಬ ಭಾಗ ಅವನ ಹೆಗ್ಗಳಿಕೆ. ಸ್ಟರ್ಲಿಂಗ್ ಯಂತ್ರದ ಮಾದರಿಯೊಂದು ಗ್ಲಾಸ್ಗೋ ವಿಶ್ವವಿದ್ಯಾಲಯದ ಉಪಕರಣಗಳ ನಡುವೆ ಧೂಳು ಹಿಡಿದು ನಿಂತುಹೋಗಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1847ರಲ್ಲಿ ಅದನ್ನು ಗಮನಿಸಿ, ಅದರ ಕಾರ್ಯವಿಧಾನದ ಬಗ್ಗೆ ಅಲ್ಲಿನ ವಿದ್ವತ್ಸಭೆಯಲ್ಲಿ ಪ್ರಬಂಧ ಓದಿದನು. ಶಾಖಕ್ಕೂ ಕೆಲಸಕ್ಕೂ ಇರುವ ಸಂಬಂಧದ ಕುರಿತ ಅವನ ಚಿಂತನೆಗೆ ಈ ಮಾದರಿ ಒದಗಿಬಂದಿತು. ಯಾರೂ ಗುಜರಿಗೆ ಹಾಕದೆ ಉಳಿಸಿದ್ದರಿಂದಲೇ ಅದು ಸಾಧ್ಯವಾಯಿತೆಂಬುದು ಸಂಗ್ರಾಹಕರ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು.

ಅಮೆರಿಕದಲ್ಲಿ ರೈಡರ್ ಮತ್ತು ಎರಿಕ್ಸನ್ ಮಾದರಿಯ ಬಿಸಿಗಾಳಿ ಯಂತ್ರಗಳು ಹೊಲಮನೆಗಳಿಗೆ ನೀರೆತ್ತಿದವು. 1950ರ ದಶಕದ ಆರಂಭದಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿ ವಿದ್ಯುತ್ತಿಲ್ಲದ ಊರುಗಳ ರೇಡಿಯೋಗಳಿಗಾಗಿ ಸುಮಾರು 200 ವ್ಯಾಟ್ ಸಾಮರ್ಥ್ಯದ ಸ್ಟರ್ಲಿಂಗ್ ಜನರೇಟರನ್ನು ತಯಾರಿಸಿತಾದರೂ, ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರ್ ರೇಡಿಯೋ ಬಂದುದರಿಂದ ಅದರ ಅಗತ್ಯವೇ ಉಳಿಯಲಿಲ್ಲ.

ಇಂಥ ಪಂಖವೊಂದನ್ನು ಉಳಿಸಿಕೊಳ್ಳುವುದು ಹಿತ್ತಾಳೆಯನ್ನು ಫಳಫಳಿಸುವ ಕೆಲಸವಲ್ಲ. ಅತಿಯಾಗಿ ಉಜ್ಜಿದರೆ ನಿಕ್ಕಲ್ ಲೇಪವೂ ಹೆಸರು ಫಲಕದ ಅಕ್ಷರಗಳೂ ಅಳಿದುಹೋಗುತ್ತವೆ. ಯಂತ್ರ ಯಾವ ಕಾಲದ್ದು, ಯಾರದ್ದು ಎಂಬುದನ್ನು ಹೇಳಬಲ್ಲ ಸಾಕ್ಷಿ ಅವೇ. ದೀಪದ ನೇರ ಉರಿಗೆ ಒಡ್ಡಿಕೊಳ್ಳುವ ಸಿಲಿಂಡರಿನ ತಳ ಸುಟ್ಟು ತೂತಾಗಿದ್ದರೆ ಒಳಗಿನ ಗಾಳಿ ಸೋರಿ ಯಂತ್ರ ನಿಲ್ಲುತ್ತದೆ. ಬಿಗಿ ಪಿಸ್ಟನ್ನಿಗೆ ಮಂದವಾದ ಎಣ್ಣೆ ಹಾಕುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಈ ಯಂತ್ರದ ಬಲ ತೀರ ಅಲ್ಪವಾದ್ದರಿಂದ ಅಂಟುವ ಎಣ್ಣೆಯ ಎಳೆತವನ್ನೂ ಅದು ಗೆಲ್ಲಲಾರದು. ಸೀಮೆಎಣ್ಣೆಯ ಬದಲಿಗೆ ಪೆಟ್ರೋಲು ಸುರಿಯುವುದಂತೂ ಬೆಂಕಿಯನ್ನು ಕರೆದಂತೆ. ಬದಲಾಯಿಸಲೇಬೇಕಾದ ಬಿಡಿಭಾಗವನ್ನು ಹೊಸದಾಗಿ ಮಾಡಿಸಿದಾಗ ಹಳೆಯದನ್ನು ಎಸೆಯದೆ, ಗುರುತು ಬರೆದು ಜೊತೆಯಲ್ಲಿಡುವುದು ಒಳ್ಳೆಯ ಪದ್ಧತಿ.

ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿದ ಹಿತ್ತಾಳೆಯ ಪಂಖಗಳು ಮಾರುಕಟ್ಟೆಯಲ್ಲಿರುವುದರಿಂದ ಕೊಳ್ಳುವವರು ಎಚ್ಚರ ವಹಿಸಬೇಕಾಗಿದೆ. ಕಾನೂನಿನ ಅಂಶವೂ ಒಂದುಂಟು: 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ ನೂರು ವರ್ಷಕ್ಕಿಂತ ಕಡಿಮೆಯಲ್ಲದ, ಹಿಂದಿನ ಕಾಲದ ವಿಜ್ಞಾನವನ್ನು ನಿದರ್ಶಿಸುವ ವಸ್ತುಗಳನ್ನೂ ಪುರಾವಸ್ತುಗಳ ವ್ಯಾಖ್ಯೆಯೊಳಗೆ ತಂದಿದ್ದು, ಅಂಥವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. 1920ರ ದಶಕಕ್ಕೆ ಸೇರಿದ ಪಂಖಗಳು ಈಗ ಒಂದೊಂದಾಗಿ ಆ ವಯಸ್ಸನ್ನು ತಲುಪುತ್ತಿವೆ.

ಗದ್ವಾಲದ ಕೋಟೆಗೂ ನಾರಾಯಣಪೇಟೆಯ ಸೀರೆಗೂ ಸಿಕ್ಕಿರುವ ಗೌರವದ ಒಂದು ಪಾಲು ಹಳೆಯ ಮನೆಗಳ ಅಟ್ಟ, ಉಗ್ರಾಣಗಳಲ್ಲಿರುವ ಯಂತ್ರಗಳಿಗೂ ಸಲ್ಲಬೇಕಾಗಿದೆ. ಮನೆ ಕೆಡವುವಾಗ ತೂಕದ ಲೆಕ್ಕದಲ್ಲಿ ಮಾರಿಹೋಗುವ ಹಿತ್ತಾಳೆಯ ನಡುವೆ, ಪಂಖದಂತಿದ್ದೂ ವಿದ್ಯುತ್ ತಂತಿಯಿಲ್ಲದ, ಬುಡದಲ್ಲಿ ದೀಪವಿಡುವ ಜಾಗವಿರುವ ವಸ್ತು ಕಂಡರೆ ಅದನ್ನು ಬೇರೆಯಾಗಿ ತೆಗೆದಿಡಬೇಕು; ಜೊತೆಗಿದ್ದ ದೀಪವನ್ನು ಬಿಡಿಯಾಗಿ ಮಾರಬಾರದು, ಏಕೆಂದರೆ ಉರಿಯ ಎತ್ತರಕ್ಕೆ ಹೊಂದುವ ಆ ಮೂಲ ದೀಪವೇ ಸಂಗ್ರಾಹಕರಿಗೆ ಮತ್ತೆ ದೊರಕಿಸಿಕೊಳ್ಳಲು ಕಷ್ಟವಾಗುವ ಭಾಗ.