ಹತ್ತನೇ ಇನ್ನೊಸೆಂಟ್ ಪೋಪರ ಭಾವಚಿತ್ರ

ಹತ್ತನೇ ಇನ್ನೊಸೆಂಟ್ ಪೋಪರ ಭಾವಚಿತ್ರವು ಸ್ಪೇನಿನ ಕಲಾವಿದ ಡಿಯೇಗೋ ವೆಲಾಸ್ಕೆಜ್ ಸುಮಾರು 1650ರಲ್ಲಿ ರೋಮ್ ನಗರದಲ್ಲಿ ರಚಿಸಿದ ತೈಲವರ್ಣಚಿತ್ರ. ಕ್ರೈಸ್ತ ಧರ್ಮಗುರುಗಳನ್ನು ಚಿತ್ರಿಸಿದ ಯುರೋಪಿನ ಕೃತಿಗಳಲ್ಲಿ ಇದು ಅತ್ಯಂತ ಪ್ರಸಿದ್ಧವಾದವುಗಳಲ್ಲೊಂದು. ಪೋಪರ ಮನೆತನದ ಸಂಗ್ರಹವಾದ ರೋಮಿನ ಡೋರಿಯಾ ಪಾಂಫಿಲಿ ಚಿತ್ರಶಾಲೆಯಲ್ಲಿ ಇದನ್ನು ಇರಿಸಲಾಗಿದೆ.

ಹಿನ್ನೆಲೆ

ಪೋಪರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ತುಸು ಓರೆಯಾಗಿ ತಿರುಗಿಸಿ ಚಿತ್ರಿಸುವ ಕ್ರಮವು ರಾಫೇಲನು 1511–12ರಲ್ಲಿ ರಚಿಸಿದ ಎರಡನೇ ಜೂಲಿಯಸ್‌ರ ಭಾವಚಿತ್ರದಿಂದ ರೂಢಿಗೆ ಬಂದಿತು. ಮೂರನೇ ಪಾಲ್ ಪೋಪರನ್ನು ಚಿತ್ರಿಸುವಾಗ ಟಿಷಿಯನ್ ಕೂಡ ಇದನ್ನೇ ಅನುಸರಿಸಿದನು. ವೆಲಾಸ್ಕೆಜ್ ಈ ಚೌಕಟ್ಟನ್ನು ಬದಲಿಸಲಿಲ್ಲ. ಆದುದರಿಂದ ಕೃತಿಯ ಹೊಸತನವನ್ನು ಭಂಗಿಯಲ್ಲಿ ಹುಡುಕಬಾರದು.

ಸ್ಪೇನಿನ ದೊರೆ ನಾಲ್ಕನೇ ಫಿಲಿಪನ ಆಸ್ಥಾನ ಚಿತ್ರಕಾರನಾಗಿದ್ದ ವೆಲಾಸ್ಕೆಜ್, ಅರಮನೆಗೆ ಕಲಾಕೃತಿಗಳನ್ನು ಸಂಗ್ರಹಿಸಲು 1649ರಲ್ಲಿ ಇಟಲಿಗೆ ಬಂದಿದ್ದನು. ಪೋಪರ ಚಿತ್ರಕ್ಕೆ ಮುನ್ನ ಕೈ ಪಳಗಿಸಿಕೊಳ್ಳಲು ಆತ ತನ್ನ ಗುಲಾಮನೂ ಸಹಾಯಕನೂ ಆಗಿದ್ದ ಹುವಾನ್ ದೆ ಪರೇಹನನ್ನು ಚಿತ್ರಿಸಿದನೆಂದು ಅವನ ಜೀವನಚರಿತ್ರೆಕಾರ ಪಲೊಮಿನೊ ಬರೆದಿದ್ದಾನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಪರೇಹನ ನೋಟವು ಪೋಪರ ನೋಟಕ್ಕಿಂತ ಕಡಿಮೆ ಘನತೆಯದಲ್ಲ. ಅದೇ ವರ್ಷದ ನವೆಂಬರಿನಲ್ಲಿ ವೆಲಾಸ್ಕೆಜ್ ಅವನ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದನು. ಆದರೆ ಇನ್ನೂ ನಾಲ್ಕು ವರ್ಷ ಸೇವೆ ಸಲ್ಲಿಸಬೇಕೆಂಬ ಷರತ್ತು ಅದರಲ್ಲಿತ್ತು.

ಚಿತ್ರದ ಸ್ವರೂಪ

ಪರದೆ, ಕುರ್ಚಿಯ ಒರಗು, ಟೋಪಿ, ಭುಜವಸ್ತ್ರ ಎಲ್ಲವೂ ಕೆಂಪು. ಕೆಂಪಿನ ಮೇಲೆಯೇ ಕೆಂಪನ್ನು ಹಚ್ಚಿ, ಒಂದೊಂದನ್ನೂ ಬೇರೆಯಾಗಿ ಕಾಣಿಸಿರುವುದು ಇಲ್ಲಿನ ಮುಖ್ಯ ಸಾಧನೆ. ಕೆಳಗಿನ ಬಿಳಿಯ ನಿಲುವಂಗಿಯನ್ನು ಸಡಿಲವಾದ, ವೇಗದ ಕುಂಚದ ಗೆರೆಗಳಿಂದ ಮೂಡಿಸಲಾಗಿದೆ. ಹತ್ತಿರದಿಂದ ಅವು ಬರಿಯ ಬಣ್ಣದ ಗೀಟುಗಳು, ದೂರದಿಂದ ನೆರಿಗೆಗಟ್ಟಿದ ಬಟ್ಟೆ. ಪೋಪರ ಎಡಗೈಯಲ್ಲಿರುವ ಕಾಗದದಲ್ಲಿ ಚಿತ್ರಕಾರನ ಹೆಸರಿದೆ.

ಆಗ ಪೋಪರಿಗೆ ಸುಮಾರು 75 ವರ್ಷ. ರಾಫೇಲನ ಜೂಲಿಯಸ್ ದೃಷ್ಟಿ ತಗ್ಗಿಸಿ ಚಿಂತಾಮಗ್ನರಾಗಿದ್ದರೆ, ಇನ್ನೊಸೆಂಟ್ ನೋಡುಗನನ್ನೇ ದಿಟ್ಟಿಸುತ್ತಾರೆ. ಬಿಗಿದ ತುಟಿ, ಗಂಟಿಕ್ಕಿದ ಹುಬ್ಬು, ಕೆಂಪೇರಿದ ಚರ್ಮ ಇವು ಪೀಠದ ಗಾಂಭೀರ್ಯಕ್ಕಿಂತ ಮನುಷ್ಯನೊಬ್ಬನ ಸಂಶಯವನ್ನೇ ತೋರಿಸುತ್ತವೆ. ಚಿತ್ರವನ್ನು ಕಂಡ ಪೋಪರು "ಅತಿಯಾಗಿ ನಿಜ" ಎಂದು ಉದ್ಗರಿಸಿದರೆಂಬ ಮಾತು ಪ್ರಚಲಿತದಲ್ಲಿದೆ. ಇದು ದಂತಕಥೆಯಿರಬಹುದು. ಆದರೂ ಅವರು ಚಿತ್ರವನ್ನು ತಿರಸ್ಕರಿಸಲಿಲ್ಲ. ಕಲಾವಿದನಿಗೆ ಚಿನ್ನದ ಪದಕವನ್ನು ನೀಡಿದರೆಂದು ಪಲೊಮಿನೊ ದಾಖಲಿಸಿದ್ದಾನೆ.

ಪ್ರಭಾವ

ಇಪ್ಪತ್ತನೇ ಶತಮಾನದ ಚಿತ್ರಕಾರ ಫ್ರಾನ್ಸಿಸ್ ಬೇಕನ್ ಈ ಕೃತಿಯನ್ನು ಆಧರಿಸಿ ಅನೇಕ ಚಿತ್ರಗಳನ್ನು ರಚಿಸಿದನು. 1953ರ ಪ್ರಸಿದ್ಧ ಚಿತ್ರದಲ್ಲಿ ಪೋಪರು ಬಾಯ್ತೆರೆದು ಚೀರುತ್ತಿದ್ದಾರೆ. ಅಚ್ಚಾದ ಪ್ರತಿಗಳನ್ನೇ ನೋಡಿ ಕೆಲಸ ಮಾಡಿದ ಬೇಕನ್, 1954ರಲ್ಲಿ ರೋಮಿನಲ್ಲಿದ್ದಾಗಲೂ ಮೂಲಚಿತ್ರವನ್ನು ನೋಡಲು ಹೋಗಲಿಲ್ಲ.