ಛೇದದಿಂದ ಗುಣಿಸುವ ಮುನ್ನ ನಕ್ಷೆ ಎಳೆದು ನೋಡಿ

ಪ್ರವೇಶ ಪರೀಕ್ಷೆಯ ಅವಸರದಲ್ಲಿ ಜಾಣ ವಿದ್ಯಾರ್ಥಿಗಳೂ ಎಡವುವ ಲೆಕ್ಕವೊಂದಿದೆ. 6/(ಎಕ್ಸ್ − 2) > 3 ಆಗಬೇಕಾದರೆ ಎಕ್ಸ್‌ನ ಬೆಲೆ ಎಷ್ಟಿರಬೇಕು? ಎರಡೂ ಬದಿಯನ್ನು ಎಕ್ಸ್ − 2ರಿಂದ ಗುಣಿಸಿದರೆ 6 > 3ಎಕ್ಸ್ − 6 ಎಂದಾಗಿ, ಎಕ್ಸ್ 4ಕ್ಕಿಂತ ಕಡಿಮೆ ಎಂಬ ಉತ್ತರ ಬರುತ್ತದೆ. ಅದು ತಪ್ಪು. ಜೆಇಇ ಮೇನ್‌ನಂಥ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ದೊರೆಯುವ 4 ಅಂಕ ಕೈತಪ್ಪುವುದಲ್ಲದೆ, ಇನ್ನೊಂದು ಅಂಕವೂ ಕಡಿತವಾಗುತ್ತದೆ.

ತಪ್ಪನ್ನು ಕಂಡುಕೊಳ್ಳಲು ಎಕ್ಸ್ ಬದಲಿಗೆ 0 ಇಟ್ಟು ನೋಡಿದರೆ ಸಾಕು. ಎಡಬದಿ −3 ಆಗುತ್ತದೆ. ಅದು 3ಕ್ಕಿಂತ ಹೆಚ್ಚಲ್ಲ. ಅಸಮತೆಯನ್ನು ಋಣ ಸಂಖ್ಯೆಯಿಂದ ಗುಣಿಸಿದಾಗ ಚಿಹ್ನೆ ತಿರುಗಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಆದರೆ ಅಜ್ಞಾತ ಸಂಖ್ಯೆಯೇ ಛೇದದಲ್ಲಿ ಕುಳಿತಿರುವಾಗ ಅದು ಧನವೋ ಋಣವೋ ಎಂಬುದು ಗುಣಿಸುವವನಿಗೆ ತಿಳಿದಿರುವುದಿಲ್ಲ.

ನಕ್ಷೆ ನೆರವಿಗೆ ಬರುವುದು ಇಲ್ಲಿಯೇ. ವೈ = 6/(ಎಕ್ಸ್ − 2) ಎಂಬುದರ ನಕ್ಷೆ ಒಂದು ಅತಿಪರವಲಯ. ಎಕ್ಸ್ = 2 ಎಂಬ ಲಂಬ ಗೆರೆಯನ್ನು ಎಂದೂ ಮುಟ್ಟದ ಎರಡು ಕವಲುಗಳು ಅದಕ್ಕಿವೆ. ಎಡಗವಲು ಸಂಪೂರ್ಣವಾಗಿ ಎಕ್ಸ್ ಅಕ್ಷದ ಕೆಳಗಿದೆ. ಬಲಗವಲು ಮುಗಿಲೆತ್ತರದಿಂದ ಇಳಿಯುತ್ತಾ ಬರುತ್ತದೆ. ಈಗ ವೈ = 3 ಎಂಬ ಅಡ್ಡಗೆರೆ ಎಳೆಯಿರಿ. ಎಡಗವಲು ಅದರ ಹತ್ತಿರವೂ ಸುಳಿಯದು; ಬಲಗವಲು ಎಕ್ಸ್ = 4ರಲ್ಲಿ ಅದನ್ನು ದಾಟಿ ಕೆಳಗಿಳಿಯುತ್ತದೆ. ಅಡ್ಡಗೆರೆಗಿಂತ ಮೇಲಿರುವ ಭಾಗ 2 ಮತ್ತು 4ರ ನಡುವೆ ಮಾತ್ರ. ಅದೇ ಉತ್ತರ. ಪ್ರಶ್ನೆಯಲ್ಲಿ '≥' ಇದ್ದಿದ್ದರೆ 4 ಕೂಡ ಸೇರುತ್ತಿತ್ತು. ಛೇದವನ್ನು ಸೊನ್ನೆಯಾಗಿಸುವ 2 ಮಾತ್ರ ಎಂದಿಗೂ ಸೇರದು.

ಸಂಖ್ಯಾರೇಖೆಯ ಮೇಲೆ ಒಂದು ಬಿಟ್ಟು ಒಂದರಂತೆ ಧನ, ಋಣ ಚಿಹ್ನೆ ಹಾಕುತ್ತಾ ಹೋಗುವ ಸುಲಭೋಪಾಯವೂ ಪ್ರಚಾರದಲ್ಲಿದೆ. ಕಣ್ಣುಮುಚ್ಚಿ ಬಳಸಿದರೆ ಅದೂ ಕೈಕೊಡುತ್ತದೆ. (ಎಕ್ಸ್ + 1)/(ಎಕ್ಸ್ − 2)² ≥ 0 ಎಂಬುದನ್ನು ಗಮನಿಸಿ. ಛೇದ ವರ್ಗವಾಗಿರುವುದರಿಂದ ನಕ್ಷೆ 2ರ ಎರಡೂ ಬದಿಯಲ್ಲಿ ಮೇಲಕ್ಕೇ ಏರುತ್ತದೆ, ಚಿಹ್ನೆ ಬದಲಾಗುವುದಿಲ್ಲ. 2ನ್ನು ಹೊರತುಪಡಿಸಿ −1 ಹಾಗೂ ಅದಕ್ಕಿಂತ ಹೆಚ್ಚಿನ ಎಲ್ಲ ಸಂಖ್ಯೆಗಳೂ ಉತ್ತರವೇ.

ಹಾಗೆಂದು ಛೇದದಿಂದ ಗುಣಿಸುವುದು ಸದಾ ನಿಷಿದ್ಧವೇನಲ್ಲ. ಮದುವೆಯ ಕರೆಯೋಲೆ ಮುದ್ರಿಸಲು ಆರಂಭಿಕ ವೆಚ್ಚ 2,000 ರೂಪಾಯಿ, ನಂತರ ಪ್ರತಿಗೆ 5 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ಪ್ರತಿಗೆ ಸರಾಸರಿ 9 ರೂಪಾಯಿ ಮೀರಬಾರದೆಂದರೆ ಎಷ್ಟು ಪ್ರತಿ ಮಾಡಿಸಬೇಕು? 2000/ಎಕ್ಸ್ + 5 ≤ 9. ಪ್ರತಿಗಳ ಸಂಖ್ಯೆ ಋಣವಾಗಲು ಸಾಧ್ಯವಿಲ್ಲದ ಕಾರಣ ನಿಶ್ಚಿಂತೆಯಿಂದ ಗುಣಿಸಬಹುದು. ಕನಿಷ್ಠ 500.

ಇಂದು ಜಿಯೋಜೀಬ್ರಾದಂಥ ಉಚಿತ ತಂತ್ರಾಂಶಗಳು ಮೊಬೈಲಿನಲ್ಲೇ ನಕ್ಷೆ ಬಿಡಿಸಿ ತೋರಿಸುತ್ತವೆ. ಆದರೆ ಪರದೆಯನ್ನು ಪೂರ್ತಿ ನಂಬುವಂತಿಲ್ಲ. (ಎಕ್ಸ್² − 4)/(ಎಕ್ಸ್ − 2) > 0 ಎಂಬುದರ ನಕ್ಷೆ ನೇರ ಗೆರೆಯಂತೆ ಕಾಣುತ್ತದೆ, ಉತ್ತರ −2ಕ್ಕಿಂತ ಹೆಚ್ಚಿನ ಎಲ್ಲ ಸಂಖ್ಯೆಗಳೂ ಎನಿಸುತ್ತದೆ. ವಾಸ್ತವದಲ್ಲಿ ಎಕ್ಸ್ = 2ರಲ್ಲಿ ಆ ಗೆರೆಗೊಂದು ರಂಧ್ರವಿದೆ. ಒಂದೇ ಬಿಂದುವಿನಷ್ಟಿರುವ ಅದು ಕಣ್ಣಿಗೆ ಬೀಳದು. ಛೇದವನ್ನು ನೋಡಿಯೇ 2ನ್ನು ಕೈಬಿಡಬೇಕು.