ಕೋಟೆಗೂ ಉಂಟು ಮೇಕಪ್ಪು!

‘ಕುಛ್ ಕುಛ್ ಹೋತಾ ಹೈ’ ನೆನಪಿದೆ ತಾನೆ? 1998ರ ಚಿತ್ರ. ಅದರ ಶೀರ್ಷಿಕೆ ಗೀತೆಯಲ್ಲಿ ಷಾರುಖ್ ಖಾನ್, ಕಾಜೋಲ್ ಹಿಂದೆ ನೀರಿನ ನಡುವೆ ಒಂದು ಕೋಟೆ, ಅದಕ್ಕೊಂದು ಕಮಾನು ಸೇತುವೆ. ಟೀವಿಯಲ್ಲಿ ನೂರು ಸಲ ನೋಡಿದವರೂ ಅದನ್ನು ಸ್ವಿಟ್ಜರ್ಲೆಂಡ್ ಅಂತಲೇ ಅಂದುಕೊಂಡಿರ್ತಾರೆ. ಅಲ್ಲ ಸ್ವಾಮೀ, ಅದು ಸ್ಕಾಟ್ಲೆಂಡ್! ಕೋಟೆಯ ಹೆಸರು ಐಲನ್ ಡೋನನ್.

ನನ್ನ ಅಕ್ಕ ಎಡಿನ್‌ಬರೋದಲ್ಲಿ ನರ್ಸ್. ಹೋದ ಮೇ ತಿಂಗಳು ಅವಳ ಮನೆಗೆ ಹೋದಾಗ ಭಾವನ ದುಂಬಾಲು ಬಿದ್ದೆ. ಅರ್ಧ ದಿನದ ಕಾರು ಪ್ರಯಾಣ. ದಾರಿಯುದ್ದಕ್ಕೂ ಕುರಿ, ಮಳೆ, ಮತ್ತೆ ಕುರಿ.

ದಾರಿಯಲ್ಲೇ ಡೂನ್ ಎಂಬ ಹಳ್ಳಿ. ಅಲ್ಲಿಯ ಕೋಟೆ ಆರುನೂರು ವರ್ಷ ದಾಟಿದ್ದು. 1975ರಲ್ಲಿ ಬಂದ ‘ಮಾಂಟಿ ಪೈಥಾನ್ ಅಂಡ್ ದಿ ಹೋಲಿ ಗ್ರೇಲ್’ ಎಂಬ ನಗೆಚಿತ್ರದವರಿಗೆ ಬೇರೆ ಕೋಟೆಗಳ ಅನುಮತಿ ಕೊನೇ ಗಳಿಗೆಯಲ್ಲಿ ಕೈತಪ್ಪಿತು. ಡೂನ್ ಖಾಸಗಿಯವರದ್ದಾದ್ದರಿಂದ ಉಳಿಯಿತು. ಸರಿ, ಚಿತ್ರದ ಬಹುತೇಕ ಕೋಟೆಗಳೆಲ್ಲ ಇದೊಂದೇ! ದ್ವಿಪಾತ್ರ, ತ್ರಿಪಾತ್ರ ಕೇಳಿದ್ದೀರಿ, ಇದು ಅದಕ್ಕೂ ಮೇಲೆ. ಕುದುರೆಗೆ ದುಡ್ಡಿರಲಿಲ್ಲ, ಎರಡು ಕರಟ ಟಕಟಕ ಬಡಿದು ಮುಗಿಸಿಬಿಟ್ಟರು. ನಮ್ಮ ನಿರ್ಮಾಪಕರು ಗಮನಿಸಬೇಕು!

ಸಂಜೆಗೆ ಐಲನ್ ಡೋನನ್. ಮೂರು ‘ಲಾಕ್’ಗಳು ಕೂಡುವ ಜಾಗ. ಸರೋವರವಿರಲಿ, ಒಳನುಗ್ಗಿದ ಸಮುದ್ರವಿರಲಿ, ಅಲ್ಲಿನವರಿಗೆ ಎರಡೂ ಲಾಕ್. ಮಳೆ ನಿಂತು ಬಿಸಿಲು ಬಿದ್ದಾಗ ಕೋಟೆ ಥೇಟ್ ಹಾಡಿನಲ್ಲಿದ್ದಂತೆಯೇ ಇತ್ತು. ಸೇತುವೆ ಮೇಲೆ ಒಂದು ಗುಜರಾತಿ ಜೋಡಿ ಷಾರುಖ್ ಥರ ಕೈ ಚಾಚಿ ನಿಂತು, ನನ್ನ ಕೈಲಿ ಫೋಟೋ ತೆಗೆಸಿಕೊಂಡಿತು.

ಒಳಗೆ ಹೋದ ಮೇಲೆ ಗೊತ್ತಾದದ್ದು ಬೇರೆ ಕಥೆ. ಮೊದಲ ಕೋಟೆ 13ನೇ ಶತಮಾನದ್ದೇ, ನಿಜ. ಆದರೆ 1719ರಲ್ಲಿ, ಪದಚ್ಯುತ ಸ್ಟುವರ್ಟ್ ವಂಶದ ಪರ ಬಂಡೆದ್ದವರಿಗಾಗಿ ಸ್ಪೇನಿನ ಸೈನಿಕರು ಇಲ್ಲಿ ಕಾವಲಿದ್ದರು. ಸರ್ಕಾರದ ಯುದ್ಧನೌಕೆಗಳು ಬಂದು ಗುಂಡಿನ ಮಳೆಗರೆದವು. ಆಮೇಲೆ ಕೋಟೆಯಲ್ಲೇ ಸಿಕ್ಕ 343 ಪೀಪಾಯಿ ಮದ್ದಿನಿಂದ ಅದನ್ನೇ ಸಿಡಿಸಿದರು. ಸುಮಾರು ಇನ್ನೂರು ವರ್ಷ ಬರೀ ಕಲ್ಲುಗುಪ್ಪೆ.

1911ರಲ್ಲಿ ಮೆಕ್ರೇ-ಗಿಲ್‌ಸ್ಟ್ರಾಪ್ ಎಂಬ ಸೇನಾಧಿಕಾರಿ ದ್ವೀಪ ಕೊಂಡು ಹೊಸದಾಗಿ ಕಟ್ಟಿಸಿದ. ಕೆಲಸ ಮುಗಿದದ್ದು 1932ಕ್ಕೆ. ಸೇತುವೆಯೂ ಆಗಿನದೇ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರದ್ದು. ಲೆಕ್ಕ ಹಾಕಿ, ಕೋಟೆ ಅದಕ್ಕಿಂತ ಎರಡೇ ವರ್ಷ ದೊಡ್ಡದು!

“ಹಾಗಾದ್ರೆ ಇದೂ ಸೆಟ್ಟೇ ಅನ್ನೋ!” ಅಂತ ಭಾವ ನಕ್ಕರು.

ನಾನೂ ನಗುತ್ತಿದ್ದೆನೇನೋ. ಆದರೆ ಅಲ್ಲಿ ಒಂದು ಯುದ್ಧ ಸ್ಮಾರಕವಿದೆ. 1914-18ರ ಮಹಾಯುದ್ಧದಲ್ಲಿ ಸತ್ತ ಮೆಕ್ರೇ ಕುಲದವರ ಹೆಸರುಗಳು, ಸಾಲುಸಾಲಾಗಿ. ಒಂದೇ ಮನೆತನದ ಹೆಸರು ಅಷ್ಟು ಸಲ ಓದುವಾಗ ಬಾಯಿ ಕಟ್ಟಿಹೋಯಿತು. ಹಿಂದೊಮ್ಮೆ ಈ ಕೋಟೆ ಕಾಯುತ್ತಿದ್ದವರು ಇದೇ ಕುಲದವರು. ಸೆಟ್ ಹಾಕುವವರು ಷೂಟಿಂಗ್ ಮುಗಿದ ಮೇಲೆ ಕಿತ್ತುಕೊಂಡು ಹೋಗ್ತಾರೆ. ಇವರು ಇಪ್ಪತ್ತು ವರ್ಷ ಕಟ್ಟಿದ್ದು ತಮ್ಮವರಿಗೆ ಒಂದು ಮನೆ ಇರಲಿ ಅಂತ. ನನಗಂತೂ ಅದು ಸುಳ್ಳು ಅನ್ನಿಸಲಿಲ್ಲ.

ಮುಂದಿನ ಭಾನುವಾರ ಟಾಂಟಾಲನ್. ಅದೇ ಹಾಡಿನ ಇನ್ನೊಂದು ಕೋಟೆ, ಎಡಿನ್‌ಬರೋಕ್ಕೆ ಹತ್ತಿರ, ಪೂರ್ವ ಕರಾವಳಿಯಲ್ಲಿ. 14ನೇ ಶತಮಾನದ ಕೆಂಪು ಕಲ್ಲಿನ ಗೋಡೆ ಬಂಡೆಯಂಚಿಗೆ ನಿಂತಿದೆ. ಎದುರಿಗೆ ಸಮುದ್ರದಲ್ಲಿ ಬಾಸ್ ರಾಕ್, ಕಡಲಹಕ್ಕಿಗಳಿಂದ ಬೆಳ್ಳಗಾಗಿರೋ ಗುಡ್ಡ. 1651ರಲ್ಲಿ ಕ್ರಾಮ್‌ವೆಲ್ ಸೈನ್ಯದ ಫಿರಂಗಿಗಳು ಕೋಟೆಯನ್ನು ಒಡೆದವು. ಮತ್ತೆ ಯಾರೂ ಕಟ್ಟಲಿಲ್ಲ.

“ಇದನ್ನೂ ಯಾರಾದ್ರೂ ಕಟ್ಟಿಸಬಾರದಿತ್ತೇನೋ?” ಅಂದಳು ಅಕ್ಕ, ಸೆರಗಿಲ್ಲದ ಕೋಟಿನ ಕಾಲರ್ ಎಳೆದುಕೊಳ್ಳುತ್ತಾ.

“ಯಾರ ಮನೇದು ಅಂತ ಕಟ್ಟಿಸ್ತಾರೆ?” ಅಂದರು ಭಾವ.

ಗಾಳಿಗೆ ಮಾತೇ ಕೇಳಿಸುತ್ತಿರಲಿಲ್ಲ. ಗೋಡೆ ಮುಟ್ಟಿದೆ. ಕೆಂಪು ಮರಳು ಕೈಗೆ ಅಂಟಿತು.